ಶನಿವಾರ–ಭಾನುವಾರದ ಕರಾವಳಿ ಪ್ರವಾಸ: ದೋಣಿ ಹತ್ತುವುದಕ್ಕೆ ಹೊನ್ನಾವರವೋ, ಮಲ್ಪೆಯೋ, ಮುರುಡೇಶ್ವರವೋ?

ಗಾಜನೂರು_ಗೆಳೆಯ:
ಶಿವಮೊಗ್ಗದಲ್ಲಿ ಒಟ್ಟಿಗೆ ಓದಿದ ನಾವು ಎಂಟು ಮಂದಿ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರುವಂತೆ ಕರಾವಳಿಗೆ ಹೋಗಿಬರಬೇಕೆಂದು ಮಾತಾಡಿಕೊಂಡಿದ್ದೇವೆ. ದೋಣಿ ವಿಹಾರ ಇರಲೇಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿದೆ, ಉಳಿದದ್ದೆಲ್ಲ ಜಗಳ. ಒಬ್ಬ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಎನ್ನುತ್ತಾನೆ, ಇನ್ನೊಬ್ಬನಿಗೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವ, ಅಂದರೆ ಉಸಿರಾಟದ ಸಲಕರಣೆ ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಹುಚ್ಚು, ಮತ್ತೊಬ್ಬ ಹೊನ್ನಾವರದಲ್ಲಿ ಶರಾವತಿಯ ಮೇಲೆ ತೇಲಿದರೆ ಸಾಕು ಎನ್ನುತ್ತಾನೆ. ನಮ್ಮಲ್ಲಿ ಇಬ್ಬರಿಗೆ ಈಜು ಬಾರದು, ಮೂವರು ಸಸ್ಯಾಹಾರಿಗಳು, ಒಬ್ಬನಿಗಂತೂ ಘಾಟಿಯ ಎರಡನೇ ತಿರುವಿಗೇ ಹೊಟ್ಟೆ ತೊಳಸಲು ಶುರುವಾಗುತ್ತದೆ.

ಇದರ ಜೊತೆಗೆ, ಪರಿಚಯದವರೊಬ್ಬರು ತಮ್ಮ ಮೀನುಗಾರಿಕೆ ದೋಣಿಯಲ್ಲೇ ನಮ್ಮನ್ನೆಲ್ಲ ಕಡಿಮೆ ದುಡ್ಡಿಗೆ ಕಡಲೊಳಗೆ ಸುತ್ತಿಸಿ ತರುವುದಾಗಿ ಹೇಳಿದ್ದಾರೆ. ಟಿಕೆಟ್ ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ, ನಮ್ಮಿಷ್ಟದ ಹೊತ್ತಿಗೆ ಹೊರಡಬಹುದು. ಒಪ್ಪಿಕೊಳ್ಳಬಹುದೇ? ಯಾವ ಘಾಟಿ ಇಳಿಯುವುದು ಒಳ್ಳೆಯದು? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಸುಲಿದ_ಅಡಿಕೆ:
ಮೂರೂ ಕಡೆಗೆ ಎರಡೇ ದಿನದಲ್ಲಿ ಹೋಗುತ್ತೇವೆ ಎನ್ನದಿದ್ದರೆ ಯಾವುದಾದರೂ ಚೆನ್ನಾಗಿಯೇ ಇರುತ್ತದೆ.

ಘಟ್ಟದ_ಮೇಲಿನವ:
ನಾನು ಸಾಗರದವನು, ಆದ್ದರಿಂದ ನನ್ನ ಮತ ಹೊನ್ನಾವರಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯನ್ನು ನಾವು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನೋಡಿದ್ದೇವೆ, ಜೋಗದಲ್ಲಿ ನೋಡಿದ್ದೇವೆ. ಅದೇ ಹೊಳೆ ಸುಮಾರು 128 ಕಿಲೋಮೀಟರ್ ಹರಿದು ಕಡಲು ಸೇರುವ ಜಾಗವನ್ನು ನಮ್ಮವರಲ್ಲಿ ಅನೇಕರು ಹೆದ್ದಾರಿಯ ಸೇತುವೆಯ ಮೇಲಿನಿಂದ ಮಾತ್ರ ನೋಡಿರುತ್ತಾರೆ. ದೋಣಿಯಲ್ಲಿ ಕುಳಿತು ಕೊಂಕಣ ರೈಲ್ವೆಯ ಸೇತುವೆಯ ಕೆಳಗೆ ಹಾದುಹೋಗುವಾಗ ಹೊಳೆ ಎಷ್ಟು ಅಗಲವಾಗಿದೆ ಎಂಬುದು ತಿಳಿಯುತ್ತದೆ. ಆ ರೈಲು ಸೇತುವೆಯ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು, ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಅದೇ. ನಡುನಡುವೆ ತೆಂಗಿನ ತೋಟಗಳಿರುವ ಕುದುರುಗಳು (ಹೊಳೆಯ ನಡುವಿನ ಸಣ್ಣ ದ್ವೀಪಗಳು), ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆ ಕಾಡಿನೊಳಗೆ ಅರಣ್ಯ ಇಲಾಖೆ ಮಾಡಿರುವ ಮರದ ಹಲಗೆಯ ಕಾಲುದಾರಿ. ನೀರು ನಿಶ್ಚಲವಾಗಿರುವುದರಿಂದ ಈಜು ಬಾರದವರಿಗೂ, ಹೊಟ್ಟೆ ತೊಳಸುವವರಿಗೂ ತೊಂದರೆಯಿಲ್ಲ.

ಭದ್ರಾವತಿ_ಉಕ್ಕು:
ಹೊಳೆಯ ಮೇಲೆ ತೇಲುವುದಕ್ಕೆ ಘಾಟಿ ಇಳಿದು ಅಷ್ಟು ದೂರ ಹೋಗಬೇಕೇ ಸ್ವಾಮಿ? ಹೊಳೆ ನಮ್ಮ ಮನೆ ಹಿತ್ತಲಲ್ಲೇ ಇದೆ. ಕರಾವಳಿಗೆ ಹೋದಮೇಲೆ ಕಡಲನ್ನು ನೋಡಬೇಕು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಅರ್ಧ ಗಂಟೆಯ ದಾರಿ. ಊರಿನವರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಸೀಳಿಕೊಂಡು ಆರು ಮೂಲೆಯ ಕಂಬಗಳಾಗಿ ನಿಂತಿದೆ. ಯಾರೋ ಅಳೆದು ಕೊರೆದು ನಿಲ್ಲಿಸಿದಂತೆ ಸಾಲಾಗಿ ಇರುವ ಆ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯೂ ಇದೆ. ಹೊನ್ನಾವರದಲ್ಲಿ ಇಂಥದ್ದೇನಿದೆ?

ಘಟ್ಟದ_ಮೇಲಿನವ:
ಹೊನ್ನಾವರದಲ್ಲಿ ಭಾನುವಾರ ಮಧ್ಯಾಹ್ನ ಟಿಕೆಟಿಗಾಗಿ ಮೈಲುದ್ದದ ಸಾಲು ಇರುವುದಿಲ್ಲ. ಅದೂ ಒಂದು ಸ್ಮಾರಕವೇ.

ಕಡಲಮಗಳು:
ನನ್ನ ತವರು ಹೊನ್ನಾವರದ ಕಡೆ, ಈಗ ಇರುವುದು ಹೊಸನಗರದಲ್ಲಿ. ಊರು ಯಾವುದೆಂಬ ಜಗಳವನ್ನು ಆಮೇಲೆ ನೋಡೋಣ. ಮೊದಲು ಆ ಮೀನುಗಾರಿಕೆ ದೋಣಿಯ ವಿಚಾರಕ್ಕೆ ಬರುತ್ತೇನೆ. ದಯವಿಟ್ಟು ಒಪ್ಪಬೇಡಿ.

ಮೀನುಗಾರಿಕೆಗೆಂದು ನೋಂದಣಿಯಾದ ದೋಣಿ ಬೇರೆ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲು ಪರವಾನಗಿ ಪಡೆದ ಬೋಟು ಬೇರೆ. ಎರಡನೆಯದರಲ್ಲಿ ಎಷ್ಟು ಜನ ಕೂರಬಹುದು ಎಂಬ ಮಿತಿ ಇರುತ್ತದೆ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕಾಗುತ್ತದೆ, ಏನಾದರೂ ಆದರೆ ಕೇಳುವವರಿರುತ್ತಾರೆ. ಮೀನಿನ ದೋಣಿಯಲ್ಲಿ ಬಲೆ ಎಳೆಯುವ ನಾಲ್ಕಾರು ಜನ ಹೇಗೆ ಕೂರಬೇಕು, ಯಾವಾಗ ಬಗ್ಗಬೇಕು ಎಂಬುದನ್ನು ಹುಟ್ಟಿನಿಂದ ಕಲಿತಿರುತ್ತಾರೆ. ಅದೇ ಜಾಗದಲ್ಲಿ ಘಟ್ಟದ ಮೇಲಿನ ಎಂಟು ಜನ ಕುಳಿತರೆ, ಡಾಲ್ಫಿನ್ ಕಂಡಿತೆಂದು ಯಾರಾದರೂ ಕೂಗಿದ ತಕ್ಷಣ ಎಂಟೂ ಜನ ಮೊಬೈಲ್ ಹಿಡಿದು ಒಂದೇ ಬದಿಗೆ ಏಳುತ್ತಾರೆ. ದೋಣಿ ಮಗುಚುವುದಕ್ಕೆ ಅಲೆಯೇ ಬೇಕೆಂದಿಲ್ಲ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಜನರನ್ನು ಕರೆತರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದು ನಿಮಗೆಲ್ಲ ನೆನಪಿರಬಹುದು. ಕಡಲಿನ ನಡುವೆಯೇನಲ್ಲ, ದಡ ಕಾಣುವಷ್ಟು ಹತ್ತಿರದಲ್ಲೇ ಅದು ನಡೆಯಿತು.

ಸೋಮಾರಿ_ಶನಿವಾರ:
ಇದು ಸ್ವಲ್ಪ ಅತಿಯಾಯಿತು. ದಿನಬೆಳಗಾದರೆ ಕಡಲಿಗಿಳಿಯುವ ಮೀನುಗಾರನಿಗಿಂತ ಟಿಕೆಟ್ ಹರಿಯುವವನಿಗೆ ಹೆಚ್ಚು ತಿಳಿದಿರುತ್ತದೆಯೇ? ಇನ್ನು ಲೈಫ್ ಜಾಕೆಟ್ ಎಂಬುದು ಎಲ್ಲರ ಬೆವರೂ ಸೇರಿ ನಾರುವ ಒಂದು ವಸ್ತು. ತುಂಗೆಯ ಮಡುವಿನಲ್ಲಿ, ಮಳೆಗಾಲದ ಕೆಂಪು ನೀರಿನಲ್ಲಿ ಈಜಿ ಬೆಳೆದವರಿಗೆ ಅದರ ಅಗತ್ಯವೇನಿದೆ? ಈಜು ಬಾರದ ಇಬ್ಬರು ಹಾಕಿಕೊಳ್ಳಲಿ, ಉಳಿದವರು ಆರಾಮವಾಗಿ ಕೂರಲಿ.

ಕಡಲಮಗಳು:
@ಸೋಮಾರಿ_ಶನಿವಾರ, ಮೀನುಗಾರರಿಗೆ ಕಡಲು ಗೊತ್ತಿಲ್ಲ ಎಂದು ನಾನು ಎಲ್ಲಿಯೂ ಹೇಳಿಲ್ಲ, ಅಂಥ ಮನೆಯಲ್ಲೇ ಹುಟ್ಟಿದವಳು ನಾನು. ಗೊತ್ತಿಲ್ಲದಿರುವುದು ನಿಮಗೆ ಎಂದೆ.

ಹೊಳೆಯ ಈಜು ಬೇರೆ, ಕಡಲ ಈಜು ಬೇರೆ. ಹೊಳೆಯಲ್ಲಿ ನೀರು ಒಂದೇ ದಿಕ್ಕಿಗೆ ಎಳೆಯುತ್ತದೆ, ಓರೆಯಾಗಿ ಈಜಿದರೆ ಎಲ್ಲೋ ಒಂದು ಕಡೆ ದಡ ಸಿಗುತ್ತದೆ. ಕಡಲತೀರದಲ್ಲಿ ಅಲೆಗಳು ತಂದು ಸುರಿದ ನೀರು ಹಿಂದಕ್ಕೆ ಹೋಗಲು ಕಿರಿದಾದ ಜಾಗ ಹುಡುಕಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ. ಅದನ್ನು ರಿಪ್ ಕರೆಂಟ್ ಎನ್ನುತ್ತಾರೆ. ವಿಚಿತ್ರವೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಹೊಸಬರು ಅಲ್ಲಿಯೇ ಶಾಂತವಾಗಿದೆ ಎಂದುಕೊಂಡು ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆಗೇ ನೇರವಾಗಿ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಇದನ್ನು ತುಂಗೆಯ ಮಡು ಕಲಿಸುವುದಿಲ್ಲ.

ಲೈಫ್ ಜಾಕೆಟ್ ನಾರುವುದು ನಿಜ. ಒಳಗೊಂದು ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಬಕಲ್ ಹಾಕದೆ ಸುಮ್ಮನೆ ಹೆಗಲಿಗೆ ಇಳಿಬಿಟ್ಟುಕೊಳ್ಳಬೇಡಿ. ಹಾಗೆ ಇಳಿಬಿಟ್ಟರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಹೋಗುತ್ತದೆ, ಮನುಷ್ಯ ಕೆಳಕ್ಕೆ ಹೋಗುತ್ತಾನೆ.

ತೀರ್ಥಹಳ್ಳಿ_ಮೇಷ್ಟ್ರು:
ಕಡಲಮಗಳು ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಮೇಲೆ ಅಲ್ಲಿ ಪ್ರವಾಸಿಗರು ನೀರಿಗಿಳಿಯುವುದನ್ನೇ ಕೆಲಕಾಲ ನಿಲ್ಲಿಸಲಾಗಿತ್ತು. ಮಳೆಗಾಲವಲ್ಲ, ಚಂಡಮಾರುತವಲ್ಲ, ನೀವು ಹೋಗಬೇಕೆಂದಿರುವ ತಿಂಗಳಲ್ಲಿಯೇ ನಡೆದದ್ದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಕೆಲಸ ನಮ್ಮದೂ ಆಗಿರುವುದರಿಂದ ಆ ಸುದ್ದಿ ಓದಿದ ದಿನ ಶಾಲೆಯಲ್ಲಿ ನಾವು ಯಾರೂ ಸರಿಯಾಗಿ ಪಾಠ ಮಾಡಲಾಗಲಿಲ್ಲ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇಂಕೋಯಿಸ್ ಸಂಸ್ಥೆ ಹೊರಡಿಸುವ ಅಲೆಗಳ ಮುನ್ನೆಚ್ಚರಿಕೆಯನ್ನು ಒಮ್ಮೆ ನೋಡಿ, ಕೆಂಪು ಬಾವುಟವಿರುವ ಕಡೆ ಮೊಣಕಾಲಿನವರೆಗೂ ಇಳಿಯಬೇಡಿ.

ಗಾಜನೂರು_ಗೆಳೆಯ:
ಮೀನುಗಾರಿಕೆ ದೋಣಿಯ ವಿಚಾರ ಇಲ್ಲಿಗೆ ಕೈಬಿಟ್ಟೆವು. ಪರಿಚಯದವರಿಗೆ ನಾನೇ ಫೋನ್ ಮಾಡಿ, ಮನೆಗೆ ಊಟಕ್ಕೆ ಬರುತ್ತೇವೆ, ದೋಣಿಗೆ ಬರುವುದಿಲ್ಲ ಎಂದು ಹೇಳುತ್ತೇನೆ. ಈಗ ದಾರಿಯ ವಿಚಾರ ಯಾರಾದರೂ ಹೇಳಿ. ಟೆಂಪೋ ಟ್ರಾವೆಲರ್ ಗೊತ್ತುಮಾಡುವವರಿದ್ದೇವೆ.

ಟಿಟಿ_ಸಾರಥಿ:
ಗಾಡಿ ಓಡಿಸುವವನ ಲೆಕ್ಕ ಹೇಳುತ್ತೇನೆ ಕೇಳಿ.

ಮಲ್ಪೆಗಾದರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಆಗುಂಬೆಯಲ್ಲಿ 14 ಹಿಮ್ಮುರಿ ತಿರುವುಗಳಿವೆ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಟಿಟಿಗೆ, ಅಂದರೆ ಟೆಂಪೋ ಟ್ರಾವೆಲರಿಗೆ, ಅಡ್ಡಿಯಿಲ್ಲ. ಕೆಲವು ತಿರುವುಗಳಲ್ಲಿ ಕೆಳಗಿನಿಂದ ಬರುವ ಗಾಡಿಗೆ ದಾರಿ ಬಿಟ್ಟು ನಿಲ್ಲಬೇಕಾಗುತ್ತದೆ, ಅಲ್ಲಿ ಹಾರ್ನ್ ಒತ್ತಿ ನುಗ್ಗುವವನನ್ನು ಡ್ರೈವರ್ ಎಂದು ಕರೆಯಬಾರದು. ಕುಂದಾಪುರಕ್ಕಾದರೆ ಹೊಸನಗರ, ನಗರ, ಹುಲಿಕಲ್ ಘಾಟಿ, ಸಿದ್ದಾಪುರ. ಹುಲಿಕಲ್ಲಿನಲ್ಲಿ ಚಂಡಿಕಾಂಬೆಗೆ ಕೈಮುಗಿಯದೆ ನಮ್ಮಲ್ಲಿ ಯಾರೂ ಗಾಡಿ ಇಳಿಸುವುದಿಲ್ಲ; ಕಡಿದಾದ ಇಳಿಜಾರು, ಬ್ರೇಕನ್ನೇ ನಂಬದೆ ಗೇರಿನಲ್ಲಿ ಇಳಿಸಬೇಕು. ಹೊನ್ನಾವರಕ್ಕಾದರೆ ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ. ಇದು ಹೆದ್ದಾರಿಯಾದ್ದರಿಂದ ಲಾರಿಗಳು ಜಾಸ್ತಿ, ಆದರೆ ಆಗುಂಬೆಯಷ್ಟು ಬಿಗಿಯಾದ ತಿರುವುಗಳಿಲ್ಲ. ನಿಮ್ಮ ಹೊಟ್ಟೆ ತೊಳಸುವ ಗೆಳೆಯರಿಗೆ ಇದೇ ವಾಸಿ.

ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ಕಸಿದುಕೊಳ್ಳಿ, ಬೆಳಿಗ್ಗೆ ಎಣ್ಣೆ ತಿಂಡಿ ಬೇಡ. ವಾಂತಿ ತಡೆಯುವ ಅವೊಮಿನ್ ಮಾತ್ರೆ ನುಂಗುವುದಾದರೆ ಘಾಟಿಗೆ ಬಂದಮೇಲಲ್ಲ, ಒಂದೆರಡು ಗಂಟೆ ಮೊದಲೇ ನುಂಗಬೇಕು. ಅದು ನಿದ್ದೆ ಬರಿಸುತ್ತದೆ, ಆದ್ದರಿಂದ ಡ್ರೈವರಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಇನ್ನೊಂದು ವಿನಂತಿ: ರಾತ್ರಿ ನೀವೆಲ್ಲ ಹರಟೆ ಹೊಡೆಯುವ ಕೋಣೆಯಲ್ಲೇ ಡ್ರೈವರಿಗೂ ಹಾಸಿಕೊಟ್ಟರೆ ಮರುದಿನ ಘಾಟಿಯಲ್ಲಿ ಅವನ ನಿದ್ದೆಗೆ ನೀವೇ ಹೊಣೆ.

ಆಗುಂಬೆ_ಮಂಜು:
ಆಗುಂಬೆಯನ್ನು ಬರೀ ತಿರುವಿನ ಲೆಕ್ಕದಲ್ಲಿ ಅಳೆದದ್ದು ಬೇಸರವಾಯಿತು. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತದ ಹೊತ್ತಿಗೆ ಇಲ್ಲಿಂದಲೇ ಕಡಲು ಮಿನುಗುವುದು ಕಾಣುತ್ತದೆ. ಬರುವಾಗಲಾದರೂ ಈ ಕಡೆ ಬನ್ನಿ.

ನೀರೊಳಗಿನ_ಮಲೆನಾಡಿಗ:
ನೇತ್ರಾಣಿಯ ಪರವಾಗಿ ಯಾರೂ ಮಾತಾಡಿಲ್ಲವಾದ್ದರಿಂದ ನಾನು ಮಾತಾಡಬೇಕಾಗಿದೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ ಅದು, ಬೋಟಿನಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ಹಿಂದೆ ನೌಕಾಪಡೆಯವರು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದ ಕಲ್ಲುಗುಡ್ಡ. ದಡದ ಬಂಡೆಗಳಿಂದ ಮೇಲೆ ನೋಡಿದರೆ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಸುತ್ತುತ್ತಿರುತ್ತವೆ. ನೀರು ತಿಳಿಯಾಗಿರುವುದು ಮಳೆಗಾಲ ಕಳೆದ ಮೇಲೆ, ಅದರಲ್ಲೂ ಡಿಸೆಂಬರ್ ಒಳ್ಳೆಯ ತಿಂಗಳು. ಈಜು ಬಾರದವರೂ ಮೊದಲ ಸ್ಕೂಬಾ ಮಾಡಬಹುದು, ತರಬೇತುದಾರ ಒಬ್ಬ ಕೈ ಬಿಡದೆ ಜೊತೆಗಿರುತ್ತಾನೆ. ನೀರೊಳಗೆ ಮೊದಲ ಎರಡು ನಿಮಿಷ ಉಸಿರಾಟದ ಸದ್ದೇ ಕಿವಿ ತುಂಬಿ ಹೆದರಿಕೆಯಾಗುತ್ತದೆ. ಆಮೇಲೆ ಹವಳದ ಸಂದಿಯಿಂದ ಪಟ್ಟೆಪಟ್ಟೆ ಮೀನಿನ ಹಿಂಡೊಂದು ನಿಮ್ಮ ಕನ್ನಡಕದ ಮುಂದೆಯೇ ಬಂದು ನಿಂತು, ನಿಮ್ಮನ್ನು ನೋಡಿ, ಅಲಕ್ಷ್ಯದಿಂದ ತಿರುಗಿ ಹೋಗುತ್ತದೆ. ಆ ಕ್ಷಣಕ್ಕೆ ಕೊಟ್ಟ ದುಡ್ಡು ಸಾರ್ಥಕ.

ಆದರೆ ಮಲೆನಾಡಿನವರಿಗೆ ಯಾರೂ ಹೇಳದ ಒಂದು ವಿಷಯವಿದೆ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಹೆಚ್ಚಾಗಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಕೂಡಲೇ ಎತ್ತರಕ್ಕೆ ಹೋದರೆ ಗುಳ್ಳೆಗಟ್ಟುವ ಅಪಾಯವಿದೆ. ಒಂದೇ ಸಲ ಮುಳುಗಿದವರೂ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಘಾಟಿ ಹತ್ತುವುದೆಂದರೆ ಸಮುದ್ರಮಟ್ಟದಿಂದ ಒಂದು ಗಂಟೆಯೊಳಗೆ ಆರುನೂರು ಮೀಟರಿನಷ್ಟು ಮೇಲೇರುವುದು. ಮೊದಲ ಸ್ಕೂಬಾದಲ್ಲಿ ಹೆಚ್ಚು ಆಳಕ್ಕೆ ಇಳಿಸುವುದಿಲ್ಲವಾದ್ದರಿಂದ ಅಪಾಯ ಸಣ್ಣದೇ, ಆದರೂ ಸ್ಕೂಬಾವನ್ನು ಶನಿವಾರವೇ ಮುಗಿಸಿ, ರಾತ್ರಿ ಕೆಳಗೇ ತಂಗಿ, ಭಾನುವಾರ ಘಾಟಿ ಹತ್ತಿ. ಅಸ್ತಮಾ, ಹೃದಯದ ತೊಂದರೆ, ಕಿವಿ ಸೋರುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯುವುದು ಬೇಡ.

ಭದ್ರಾವತಿ_ಉಕ್ಕು:
ಶನಿವಾರ ಬೆಳಿಗ್ಗೆ ಶಿವಮೊಗ್ಗ ಬಿಟ್ಟು, ಅದೇ ದಿನ ನೇತ್ರಾಣಿಗೆ ಹೋಗುವ ಬೋಟು ಹಿಡಿಯಬೇಕಾದರೆ ನಡುರಾತ್ರಿಯೇ ಹೊರಡಬೇಕಾಗುತ್ತದೆ. ಈಜು ಬಾರದ ಇಬ್ಬರನ್ನೂ ಹೊಟ್ಟೆ ತೊಳಸುವ ಒಬ್ಬನನ್ನೂ ನಿದ್ದೆಗೆಡಿಸಿ ಒಂದು ಗಂಟೆ ಅಲೆಯ ಮೇಲೆ ಕುಣಿಸುವುದು ಗೆಳೆತನದ ಲಕ್ಷಣವೇ?

ನೀರೊಳಗಿನ_ಮಲೆನಾಡಿಗ:
ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಶುಕ್ರವಾರ ರಾತ್ರಿ ಹೊರಡುವವರು ಮಾತ್ರ ನೇತ್ರಾಣಿಯ ಯೋಚನೆ ಮಾಡಬೇಕು.

ನೀರ್ಕಾಗೆ:
ಯಾವ ಊರು ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ದೋಣಿ ಹತ್ತುತ್ತೀರಿ ಎಂಬುದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಚಳಿಗಾಲದ ಬೆಳಿಗ್ಗೆ ನೆಲದಿಂದ ಕಡಲಿಗೆ ತಂಗಾಳಿ ಬೀಸುತ್ತಿರುತ್ತದೆ, ನೀರು ಮಟ್ಟಸವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ಮಧ್ಯಾಹ್ನದ ಮೇಲೆ ಅಲೆಗಳು ಎದ್ದು ಬೋಟು ಎತ್ತಿ ಕುಕ್ಕುತ್ತದೆ. ಒಂದೇ ಮಲ್ಪೆಯ ಬೋಟು ಬೆಳಿಗ್ಗೆ ಹತ್ತಿದವನಿಗೆ ಸ್ವರ್ಗ, ಸಂಜೆ ಹತ್ತಿದವನಿಗೆ ವಾಂತಿ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಗಾಳಿಗಿಂತ ಉಬ್ಬರ–ಇಳಿತದ ಲೆಕ್ಕ ದೊಡ್ಡದು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ನೀರು ಏರುವಾಗ ಹೋದರೆ ಕಾಂಡ್ಲಾ ಕಾಡಿನ ಕಿರುಗಾಲುವೆಗಳೊಳಗೆ ದೋಣಿ ನುಗ್ಗುತ್ತದೆ. ಇಳಿದಾಗ ಹೋದರೆ ಕೆಸರು ಮೇಲೆದ್ದು ದೋಣಿ ನಡುಹೊಳೆಯಲ್ಲೇ ಉಳಿಯುತ್ತದೆ. ಆದರೂ ನಾನು ಹೋಗುವುದು ಇಳಿತದಲ್ಲೇ. ಕೆಸರಿನ ಮೇಲೆ ಕಾಂಡ್ಲಾದ ಉಸಿರು ಬೇರುಗಳು ಮೊಳೆಯಂತೆ ನಿಂತಿರುತ್ತವೆ, ಅವುಗಳ ನಡುವೆ ಏಡಿಗಳು ಒಂದೇ ದೊಡ್ಡ ಕೊಂಬು ಎತ್ತಿ ಆಡಿಸುತ್ತಿರುತ್ತವೆ, ಬೆಳ್ಳಕ್ಕಿ, ಮಿಂಚುಳ್ಳಿ, ಉಲ್ಲಂಕಿಗಳೆಲ್ಲ ಊಟಕ್ಕೆ ಇಳಿದಿರುತ್ತವೆ.

ಸೋಮಾರಿ_ಶನಿವಾರ:
ಪಂಚಾಂಗ ನೋಡಿ ದೋಣಿ ಹತ್ತುವ ಕಾಲ ಬಂತು ಎಂದಾಯಿತು. ರಾಹುಕಾಲ ಎಷ್ಟು ಹೊತ್ತಿಗೆ?

ಕಡಲಮಗಳು:
ನಗಬೇಡಿ. ನಮ್ಮ ಅಜ್ಜ ಪಂಚಾಂಗವನ್ನು ಮದುವೆಗೆ ನೋಡಿದ್ದಕ್ಕಿಂತ ನೀರಿಗೆ ನೋಡಿದ್ದೇ ಹೆಚ್ಚು. ನೀರ್ಕಾಗೆಯವರ ಮಾತಿಗೆ ಒಂದು ಸೇರ್ಪಡೆ: ಹೊನ್ನಾವರದ ಕಡೆ ಅಳಿವೆಯ ಬಾಯಿಗೆ, ಅಂದರೆ ಹೊಳೆಯೂ ಕಡಲೂ ಸೇರುವ ಗೆರೆಗೆ, ಕರೆದುಕೊಂಡು ಹೋಗಿ ಎಂದು ದೋಣಿಯವರನ್ನು ಪೀಡಿಸಬೇಡಿ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಅಲ್ಲಿ ನೀರು ಕುದಿಯುತ್ತದೆ, ಮರಳಿನ ದಿಬ್ಬ ಬೇರೆ ದಿನಕ್ಕೊಂದು ಕಡೆ ಇರುತ್ತದೆ. ಮೀನುಗಾರಿಕೆ ದೋಣಿಗಳೂ ಅಲ್ಲಿ ಎಡವಿವೆ. ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೇವೆ ಎನ್ನುವ ಪ್ರವಾಸಿಗರಿಂದಲೇ ದೋಣಿಯವರು ಹಾಳಾಗುವುದು.

ಹೊಸನಗರದ_ಮಳೆ:
ಎಲ್ಲರೂ ಕುಂದಾಪುರವನ್ನು ಮರೆತೇಬಿಟ್ಟಿದ್ದೀರಿ. ನಮ್ಮ ಕಡೆ ಬಿದ್ದ ಮಳೆಯ ಒಂದು ಪಾಲು ಶರಾವತಿಗೆ ಹೋದರೆ ಇನ್ನೊಂದು ಪಾಲು ಚಕ್ರಾ, ವಾರಾಹಿಗಳಲ್ಲಿ ಇಳಿದು ಕುಂದಾಪುರದ ಬಳಿ ಸೌಪರ್ಣಿಕಾ ಮೊದಲಾದವುಗಳ ಜೊತೆಗೂಡಿ ಪಂಚಗಂಗಾವಳಿಯಾಗುತ್ತದೆ. ಅಲ್ಲಿಯೂ ಕಾಂಡ್ಲಾ ಕಾಡಿದೆ, ಕಯಾಕ್ ಹುಟ್ಟುಹಾಕಬಹುದು. ಸ್ವಲ್ಪ ದಕ್ಷಿಣಕ್ಕೆ ಕೋಡಿ ಬೇಂಗ್ರೆಯಲ್ಲಿ ಸ್ವರ್ಣೆ, ಸೀತೆಯರು ಕಡಲು ಸೇರುತ್ತಾರೆ, ಉತ್ತರಕ್ಕೆ ಹೋದರೆ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ದಾರಿಯಲ್ಲಿ ನಗರ ಎಂಬ ಊರಿನ ಕೋಟೆ ಸಿಗುತ್ತದೆ. ವಾರಾಹಿಯ ದಡದ ಬಸ್ರೂರು ಕೆಳದಿ ಅರಸರ ಕಾಲದ ದೊಡ್ಡ ಬಂದರು. 1665ರಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಅದನ್ನು ದೋಚಿದ. ನಮ್ಮ ಮೆಣಸು ಇಳಿದ ಘಾಟಿಯಲ್ಲೇ ನಾವೂ ಇಳಿಯುವುದರಲ್ಲಿ ಒಂದು ಗಮ್ಮತ್ತಿದೆ.

ಘಟ್ಟದ_ಮೇಲಿನವ:
ಮೆಣಸಿನ ಮಾತೆತ್ತಿದರೆ ಗೇರುಸೊಪ್ಪೆಯನ್ನು ಬಿಡುವಂತಿಲ್ಲ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನಿಸಿಕೊಂಡ ಚೆನ್ನಭೈರಾದೇವಿಯ ರಾಜಧಾನಿ ಅದೇ ಶರಾವತಿಯ ದಂಡೆಯಲ್ಲಿದೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ಈಗಲೂ ನಿಂತಿದೆ. ಹೊನ್ನಾವರದ ಎದುರು ಕಡಲಲ್ಲಿ ಕಾಣುವ ಬಸವರಾಜದುರ್ಗ ದ್ವೀಪದ ಕೋಟೆಯೂ ಕೆಳದಿಯವರ ಕಾಲದ್ದೇ. ಹಾಗಾಗಿ ಇತಿಹಾಸದಲ್ಲೂ ಹೊನ್ನಾವರ ಸೋಲುವುದಿಲ್ಲ.

ಸುಲಿದ_ಅಡಿಕೆ:
ಅವರು ಗೆಳೆಯರ ಜೊತೆ ಹೋಗುತ್ತಿದ್ದಾರೆ, ಪರೀಕ್ಷೆಗೆ ಕೂರುತ್ತಿಲ್ಲ.

ತೀರ್ಥಹಳ್ಳಿ_ಮೇಷ್ಟ್ರು:
ಒಂದು ಸಲಹೆ. ಈಜು ಬಾರದ ಇಬ್ಬರಿಗೆ ಕಡಲೇ ಮೊದಲ ಪಾಠವಾಗುವುದು ಬೇಡ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಲೈಫ್ ಜಾಕೆಟ್ ಹಾಕಿಸಿ, ನೀರಿಗಿಳಿಸಿ, ತೇಲುವುದು ಹೇಗೆಂದು ತೋರಿಸುತ್ತಾರೆ. ಕರಾವಳಿ ಪ್ರವಾಸಕ್ಕಿಂತ ಮುಂಚಿನ ಯಾವುದಾದರೊಂದು ಭಾನುವಾರ ಅಲ್ಲಿಗೆ ಹೋಗಿಬಂದರೆ ಜಾಕೆಟ್ ತನ್ನನ್ನು ನಿಜವಾಗಿಯೂ ತೇಲಿಸುತ್ತದೆ ಎಂಬ ನಂಬಿಕೆ ಬರುತ್ತದೆ. ದೋಣಿಯಲ್ಲಿ ಗಾಬರಿಯಾಗುವವರು ಆ ನಂಬಿಕೆ ಇಲ್ಲದವರೇ.

ಗಾಜನೂರು_ಗೆಳೆಯ:
ಇದು ಬಹಳ ಉಪಯುಕ್ತ ಮಾತು, ಇಬ್ಬರಿಗೂ ಹೇಳಿದ್ದೇನೆ. ಒಬ್ಬ ಒಪ್ಪಿದ್ದಾನೆ, ಇನ್ನೊಬ್ಬ ತಾನು ದಡದಲ್ಲೇ ಕುಳಿತು ಚಪ್ಪಲಿ ಕಾಯುವುದಾಗಿ ಹೇಳುತ್ತಿದ್ದಾನೆ. ನಿಮ್ಮೆಲ್ಲರ ಮಾತು ಕೇಳಿದ ಮೇಲೆ ಹೊನ್ನಾವರದ ಕಡೆಗೇ ವಾಲಿದ್ದೇವೆ. ಶನಿವಾರ ಗೇರುಸೊಪ್ಪೆಯಲ್ಲಿ ಇಳಿದು, ಮಧ್ಯಾಹ್ನ ಹೊನ್ನಾವರದ ಬಳಿಯ ಕಾಸರಕೋಡಿನ ಕಡಲತೀರ, ರಾತ್ರಿ ಅಲ್ಲಿಯೇ ಹೋಂಸ್ಟೇ, ಭಾನುವಾರ ಬೆಳಿಗ್ಗೆ ದೋಣಿ, ಆಮೇಲೆ ಮುರುಡೇಶ್ವರ ನೋಡಿಕೊಂಡು ಕೊಲ್ಲೂರು, ಸಿಗಂದೂರು ದಾರಿಯಲ್ಲಿ ವಾಪಸ್. ರಾತ್ರಿ ಕಡಲತೀರದಲ್ಲಿ ಬೆಂಕಿ ಹಾಕಿಕೊಂಡು ಹಾಡು ಹೇಳಬೇಕೆಂಬ ಆಸೆ ಎಲ್ಲರಿಗೂ ಇದೆ.

ನೀರ್ಕಾಗೆ:
ಬೆಂಕಿ ಮಾತ್ರ ಬೇಡ. ಆ ಕರಾವಳಿಯ ಮರಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು, ಗದ್ದಲ ಕಂಡರೆ ನೀರಿಗೇ ಹಿಂದಿರುಗುತ್ತವೆ. ಅದಲ್ಲದೆ ಕಾಸರಕೋಡಿನ ಇಕೋ ಬೀಚ್ 2020ರಲ್ಲಿ ಪಡುಬಿದ್ರಿಯ ಜೊತೆಗೆ ಶುಚಿತ್ವ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕಡಲತೀರ, ಅಲ್ಲಿ ನಿಮಗೆ ಬೆಂಕಿ ಹಾಕಲು ಬಿಡುವುದೂ ಇಲ್ಲ. ಹಾಡನ್ನು ಹೋಂಸ್ಟೇ ಅಂಗಳದಲ್ಲಿ ಹೇಳಿಕೊಳ್ಳಿ.

ಕಡಲಮಗಳು:
ಹಾಡಿಗಿಂತ ಒಳ್ಳೆಯದು ಹೇಳಲೇ? ಡಿಸೆಂಬರ್ ಎಂದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುವ ಕಾಲ. ಶನಿವಾರ ರಾತ್ರಿ ಸುತ್ತಮುತ್ತ ಎಲ್ಲಾದರೂ ಬಯಲಾಟವಿದೆಯೇ ಎಂದು ಹೋಂಸ್ಟೇಯವರನ್ನೇ ವಿಚಾರಿಸಿ, ಚಂಡೆಯ ಸದ್ದು ಹಿಡಿದುಕೊಂಡು ಹೋಗಿ ಎರಡು ಗಂಟೆ ಕೂತು ಬನ್ನಿ. ಬೆಳಗಿನವರೆಗೆ ಕೂತರೆ ದೋಣಿ ತಪ್ಪುತ್ತದೆ.

ಸಸ್ಯಾಹಾರಿಗಳ ಊಟದ ಚಿಂತೆ ಬೇಡ. ಹೋಂಸ್ಟೇಯಲ್ಲಿ ಮೊದಲೇ ಹೇಳಿದರೆ ಕುಚಲಕ್ಕಿ ಅನ್ನ, ತಂಬುಳಿ, ಮಾವಿನಕಾಯಿ ಗೊಜ್ಜು, ಬಾಳೆದಿಂಡಿನ ಪಲ್ಯ ಸಿಗುತ್ತದೆ. ಆದರೆ ಅದೇ ಅಡಿಗೆಮನೆಯಲ್ಲಿ ಮೀನೂ ಬೇಯುತ್ತದೆ, ಅದಕ್ಕೆ ಮೂಗು ಮುರಿಯುವವರಿದ್ದರೆ ಇಡಗುಂಜಿ ಗಣಪತಿಗೆ ಕೈಮುಗಿದು ಅಲ್ಲಿಯೇ ಪ್ರಸಾದದೂಟ ಮಾಡಲಿ.

ಭದ್ರಾವತಿ_ಉಕ್ಕು:
ಮಲ್ಪೆ ಸೋತಿತು ಎಂದು ಒಪ್ಪುವುದಿಲ್ಲ, ಮುಂದೂಡಲಾಯಿತು ಎಂದು ಬರೆದುಕೊಳ್ಳಿ. ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟಿದೆ, 123 ಅಡಿ ಎತ್ತರದ ಶಿವನನ್ನು ಮೇಲಿನಿಂದ ನೋಡಬಹುದು. ಭಾನುವಾರ ಹತ್ತು ಗಂಟೆಯ ನಂತರ ಆ ಲಿಫ್ಟಿನ ಸಾಲು ಮಲ್ಪೆಯ ಸಾಲಿಗಿಂತ ಉದ್ದ, @ಘಟ್ಟದ_ಮೇಲಿನವ ಗಮನಿಸಬೇಕು.

ಟಿಟಿ_ಸಾರಥಿ:
ವಾಪಸ್ ಬರುವ ದಾರಿಯ ಬಗ್ಗೆ ನನ್ನದೊಂದು ತಕರಾರಿದೆ. ಸಿಗಂದೂರಿನ ದಾರಿಯಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ಕ್ಕೆ ತೆರೆದುಕೊಂಡ ಮೇಲೆ ಜನ, ಗಾಡಿ ದಾಟಿಸುವ ಲಾಂಚಿಗೆ ಕಾಯುವ ಕಾಟವೇನೋ ತಪ್ಪಿದೆ, ಆದರೆ ಭಾನುವಾರ ಸಂಜೆ ಸಿಗಂದೂರಿನ ಭಕ್ತರೂ ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುವವರೂ ಸೇರಿ ಗಾಡಿ ಇರುವೆಯ ಹಾಗೆ ಸರಿಯುತ್ತದೆ. ಮುರುಡೇಶ್ವರವನ್ನು ಮಧ್ಯಾಹ್ನ ಊಟಕ್ಕೆ ಮೊದಲೇ ಬಿಟ್ಟರೆ ಮಾತ್ರ ಈ ದಾರಿ ಹಿಡಿಯಿರಿ. ಕೊಲ್ಲೂರಿನಿಂದ ಮೇಲೇರುವ ನಾಗೋಡಿ ಘಾಟಿಯ ತಿರುವುಗಳನ್ನು ಬೆಳಕಿರುವಾಗಲೇ ಹತ್ತಬೇಕು. ಹೊತ್ತಾಯಿತೆಂದರೆ ಇಳಿದ ಗೇರುಸೊಪ್ಪೆಯಲ್ಲೇ ಹತ್ತಿ ಬನ್ನಿ.

ಘಟ್ಟದ_ಮೇಲಿನವ:
ಸೇತುವೆ ಬಂದದ್ದು ಹಿನ್ನೀರಿನ ಆಚೆಯ ಜನರಿಗೆ ದೊಡ್ಡ ಉಪಕಾರ. ಹೆರಿಗೆ ನೋವಿನಲ್ಲೂ ಲಾಂಚಿನ ಹೊತ್ತಿಗೆ ಕಾದವರು ಅವರು. ಆದರೂ ಲಾಂಚಿನ ಮೇಲೆ ಬಸ್ಸು, ಜೀಪು, ದನ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ದಾಟುತ್ತಿದ್ದ ಆ ಹತ್ತಿಪ್ಪತ್ತು ನಿಮಿಷಕ್ಕೆ ಸಮನಾದ ದೋಣಿ ವಿಹಾರವನ್ನು ಯಾವ ಕರಾವಳಿಯೂ ಕೊಡಲಾರದು.

ಸೋಮಾರಿ_ಶನಿವಾರ:
ಮುಖ್ಯವಾದ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ. ವಾಪಸ್ ಬರುವಾಗ ಮೀನು ತರುವುದು ಹೇಗೆ? ಮನೆಯವರು ಬಂಗುಡೆ, ಕಾಣೆ ಎಂದು ಪಟ್ಟಿ ಕೊಟ್ಟಿರುತ್ತಾರೆ.

ಕಡಲಮಗಳು:
ದೋಣಿ ಮುಗಿಸಿ ಬಂದ ಮೇಲೆ ಕೊಳ್ಳುತ್ತೇನೆ ಎಂದರೆ ಒಳ್ಳೆಯದು ಉಳಿದಿರುವುದಿಲ್ಲ. ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ, ಕಿವಿರು ಎತ್ತಿ ಕೆಂಪಗಿದೆಯೇ ನೋಡಿ, ಕಣ್ಣು ಒಳಗೆ ಇಳಿದಿದ್ದರೆ ಬಿಡಿ. ತುಂಡು ಮಾಡಿಸಬೇಡಿ, ಇಡಿಯಾಗಿಯೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಐಸು ಒಂದು ಪದರ ಮೀನು ಹಾಕಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿಸಿ. ಘಾಟಿ ಹತ್ತಿ ಶಿವಮೊಗ್ಗ ಸೇರುವವರೆಗೂ ಕೆಡುವುದಿಲ್ಲ. ಮಾರುವ ಹೆಂಗಸರ ಜೊತೆ ವಿಪರೀತ ಚೌಕಾಶಿ ಮಾಡಿ ಬೈಸಿಕೊಂಡರೆ ನನ್ನನ್ನು ದೂರಬೇಡಿ.

ಟಿಟಿ_ಸಾರಥಿ:
ಪೆಟ್ಟಿಗೆ ಗಾಡಿಯ ಮೇಲಿನ ಕ್ಯಾರಿಯರಿನಲ್ಲಿ, ಹಗ್ಗ ಬಿಗಿದು. ಒಳಗೆ ಇಟ್ಟು ಐಸು ಕರಗಿ ಸೀಟಿನ ಕೆಳಗೆ ಹರಿದರೆ ಮುಂದಿನ ವಾರದ ಮದುವೆ ಬಾಡಿಗೆಗೆ ಆ ಗಾಡಿಯನ್ನು ಯಾರೂ ಹತ್ತುವುದಿಲ್ಲ.

ಗಾಜನೂರು_ಗೆಳೆಯ:
ಮೂವರು ಸಸ್ಯಾಹಾರಿಗಳೂ ಈ ಷರತ್ತಿಗೆ ಕೂಡಲೇ ಸಹಿ ಹಾಕಿದ್ದಾರೆ. ಹೋಂಸ್ಟೇಯವರಿಗೆ ಇವತ್ತೇ ಫೋನ್ ಮಾಡಿ, ಡ್ರೈವರಿಗೆ ಬೇರೆ ಕೋಣೆ ಕೇಳುತ್ತೇನೆ.